ಕೂಲೆಂಟ್ ಸೋರುತ್ತಿದೆಯಾ? ಮೊದಲು ಕಾರಿನ ಕೆಳಗೆ ಒಂದು ರಟ್ಟು ಹಾಸಿ

ಹೋದ ದಸರಾ ರಜೆಯಲ್ಲಿ ಧರ್ಮಸ್ಥಳಕ್ಕೆ ಹೋಗಿ ಹಾಸನಕ್ಕೆ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರು ಮಾಡಿ ಹತ್ತು ನಿಮಿಷ ಆಗಿರಬೇಕು, ಟೆಂಪರೇಚರ್ ಮುಳ್ಳು ಮೆಲ್ಲಗೆ ಮೇಲೇಳತೊಡಗಿತು. ಮುಂದೆ ಟ್ಯಾಂಕರ್, ಹಿಂದೆ ಬಸ್ಸು, ನಿಲ್ಲಿಸಲು ಜಾಗ ಇಲ್ಲ. ಎಸಿ ಆಫ್ ಮಾಡಿದೆ, ಹೀಟರನ್ನು ಫುಲ್ ಬಿಸಿಗೆ ತಿರುಗಿಸಿದೆ, ಕಿಟಕಿ ಇಳಿಸಿದೆ. ಹಿಂದಿನ ಸೀಟಿನಿಂದ ಅತ್ತೆ, "ಈ ಸೆಕೆಗೆ ಬಿಸಿಗಾಳಿ ಬೇರೆ ಯಾಕಮ್ಮ?" ಅಂದರು. ಹೀಟರ್ ಅಂದರೆ ಅದೂ ಒಂದು ಪುಟ್ಟ ರೇಡಿಯೇಟರೇ. ಎಂಜಿನ್ನಿನ ಬಿಸಿ ಸ್ವಲ್ಪ ನಮ್ಮ ಮುಖಕ್ಕೆ ಬಡಿದರೆ ಎಂಜಿನ್ನಿಗೆ ಅಷ್ಟು ಹಗುರ. ಹೀಟರ್ ಹಾಕಿದರೂ ತಣ್ಣನೆ ಗಾಳಿ ಬಂದರೆ ಮಾತ್ರ ಹುಷಾರು, ಒಳಗೆ ನೀರೇ ಇಲ್ಲ ಅಂತ ಲೆಕ್ಕ. ಆಗ ಜಾಗ ನೋಡುತ್ತಾ ಕೂರದೆ ಬದಿಗೆ ಹಾಕಿ ಆಫ್ ಮಾಡಬೇಕು. ನನ್ನ ಪುಣ್ಯ, ಬಿಸಿಗಾಳಿಯೇ ಬಂತು. ಮುಳ್ಳು ಕೆಂಪು ಗೆರೆ ಮುಟ್ಟುವ ಮೊದಲೇ ರಸ್ತೆ ಪಕ್ಕ ಒಂದಿಷ್ಟು ಅಗಲ ಸಿಕ್ಕಿತು. ಬಾನೆಟ್ ಎತ್ತಿದರೆ ಕೂಲೆಂಟಿನ, ಅಂದರೆ ಎಂಜಿನ್ ತಣ್ಣಗಿಡುವ ದ್ರವದ, ರಿಸರ್ವ್ ಡಬ್ಬಿ ಖಾಲಿ.

ಅಲ್ಲಿ ಮುಕ್ಕಾಲು ಗಂಟೆ ಸುಮ್ನೆ ಕೂತೆವು. ಮುಚ್ಚಳ ಮುಟ್ಟಲಿಲ್ಲ. ನಮ್ಮಪ್ಪ ಹಾಸನ–ಮಂಗಳೂರು ಲೈನಿನಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಅವರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಕೂದಲಿಲ್ಲದ, ನುಣ್ಣನೆಯ ಒಂದು ಪಟ್ಟಿ ಇದೆ. ಬಿಸಿ ರೇಡಿಯೇಟರ್ ಮುಚ್ಚಳ ತಿರುಗಿಸಿದ್ದರ ಗುರುತು. ಒಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡ ಇರುತ್ತದೆ. ಆ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 120ರ ಆಸುಪಾಸಿನಲ್ಲಿ. ಮುಚ್ಚಳ ಬಿಟ್ಟ ತಕ್ಷಣ ಒತ್ತಡ ಹೋಗಿ ಎಲ್ಲ ಒಮ್ಮೆಗೇ ಉಕ್ಕುತ್ತದೆ. ಕುಕ್ಕರ್ ವಿಷಲ್ ಹಾಕುತ್ತಿರುವಾಗ ಯಾರಾದರೂ ಮುಚ್ಚಳ ಎಳೆಯುತ್ತಾರಾ? ಇದೂ ಹಾಗೇ. ಪೂರ್ತಿ ತಣ್ಣಗಾದ ಮೇಲೆ ಕುಡಿಯುವ ನೀರಿನ ಎರಡು ಬಾಟಲಿ ಸುರಿದು, ನಿಧಾನಕ್ಕೆ ಮನೆ ಸೇರಿದೆವು.

ಊರಿಗೆ ಬಂದು ಒಂದು ಗ್ಯಾರೇಜಿಗೆ ತೋರಿಸಿದೆ. ಕೆಳಗೆ ಬಗ್ಗಿ ನೋಡಿ, "ವಾಟರ್ ಪಂಪ್ ಹೋಗಿದೆ ಮೇಡಂ, ಐದು ಸಾವಿರ ಆಗುತ್ತೆ" ಅಂದರು. ಕೊನೆಗೆ ನನಗೆ ಬಿದ್ದ ಖರ್ಚು, ಕೂಲೆಂಟ್ ಬಿಟ್ಟು, 440 ರೂಪಾಯಿ. ಅವರನ್ನು ದೂರುವುದಿಲ್ಲ. ಅವರು ನೋಡಿದ್ದು ಎಂಜಿನ್ ಬಿಸಿ ಇದ್ದಾಗ. ನಮ್ಮ ಕಾರು ಸೋರುತ್ತಿದ್ದದ್ದು ತಣ್ಣಗಿದ್ದಾಗ. ಈ ಒಂದು ವಿಷಯ ಹಿಡಿಯಲು ನನಗೆ ಮೂರು ಬೆಳಗು ಬೇಕಾಯಿತು.

ಮೊದಲು ಬಿದ್ದದ್ದು ಕೂಲೆಂಟೇ ಹೌದಾ ಅಂತ ನೋಡಿ. ರಾತ್ರಿ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಕೆಳಗೆ ಒಂದು ಅಗಲವಾದ ರಟ್ಟು ಹಾಸಿ. ಫ್ರಿಜ್ ಬಂದ ಪೆಟ್ಟಿಗೆ ಬಿಚ್ಚಿದರೆ ಸಾಕು. ಮುಂದಿನ ಚಕ್ರಗಳು ಎಲ್ಲಿ ಬರುತ್ತವೆ ಅಂತ ರಟ್ಟಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ. ಬೆಳಗ್ಗೆ ಕಲೆ ಎಲ್ಲಿದೆ ಅಂತ ಹೇಳಲು ಇದು ಬೇಕಾಗುತ್ತದೆ. ಎಡಗಡೆ, ಮುಂದಿನ ಸೀಟಿನವರ ಕಾಲಿನ ನೇರಕ್ಕೆ ಬಣ್ಣವಿಲ್ಲದ ನೀರು ಬಿದ್ದಿದ್ದರೆ ಸಾಮಾನ್ಯವಾಗಿ ಅದು ಎಸಿ ನೀರು, ಬಿಟ್ಟುಬಿಡಿ. ಕಪ್ಪು ಅಥವಾ ಕಂದು, ಬೆರಳಿಗೆ ಜಾರಿದರೆ ಆಯಿಲ್. ಹಸಿರು, ಗುಲಾಬಿ ಅಥವಾ ನೀಲಿ ಇದ್ದು, ಸ್ವಲ್ಪ ಅಂಟಂಟಾಗಿ, ಸಿಹಿ ವಾಸನೆ ಬಂದರೆ ಕೂಲೆಂಟ್. ಮೂಸಿ ನೋಡಿದರೆ ಸಾಕು, ನಾಲಿಗೆಗೆ ಇಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾದ್ದರಿಂದ ನಾಯಿ, ಬೆಕ್ಕು ನೆಕ್ಕಿಬಿಡುತ್ತವೆ. ನೆಲದ ಮೇಲೆ ಬಿದ್ದದ್ದನ್ನು ಆಗಲೇ ಒರೆಸಿ ತೊಳೆಯಿರಿ.

ಕಲೆ ಬಿದ್ದ ಜಾಗದ ನೇರ ಮೇಲೆಯೇ ತೂತು ಇದೆ ಅಂತ ನಂಬಬೇಡಿ. ಮನೆ ಹೆಂಚು ಸೋರುವುದು ಗೊತ್ತಲ್ಲ? ಒಡೆದ ಹೆಂಚು ಒಂದು ಕಡೆ, ಹನಿ ಬೀಳುವುದು ರೀಪಿನಗುಂಟ ಹರಿದು ಇನ್ನೊಂದು ಕಡೆ. ಕಾರಿನಲ್ಲೂ ಅಷ್ಟೇ. ನಮ್ಮದರಲ್ಲಿ ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಮೇಲಿನ ಹೋಸ್‌ನಿಂದ ಇಳಿದ ನೀರು ಎಂಜಿನ್ ಮೈಮೇಲೆ ಹರಿದು ವಾಟರ್ ಪಂಪಿನ ಕೆಳಗೆ ತೊಟ್ಟಿಕ್ಕುತ್ತಿತ್ತು.

ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬನ್ನಿ. ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಿ. ಕೆಲವು ಕಾರುಗಳಲ್ಲಿ ಕೀ ತೆಗೆದಿದ್ದರೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುತ್ತದೆ. ನೋಡಬೇಕಾದದ್ದು: ರೇಡಿಯೇಟರ್ ಮುಚ್ಚಳದ ಸುತ್ತ, ಮೇಲಿನ ಹೋಸ್‌ನ ಎರಡೂ ತುದಿ, ಕೆಳಗಿನ ಹೋಸ್‌ನ ಎರಡೂ ತುದಿ, ಹೀಟರಿಗೆ ಹೋಗುವ ಎರಡು ಸಣ್ಣ ಹೋಸ್, ರೇಡಿಯೇಟರಿನ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಸೇರುವ ಅಂಚು, ವಾಟರ್ ಪಂಪಿನ ಅಡಿಯ ಸಣ್ಣ ತೂತು. ಕೂಲೆಂಟ್ ಒಣಗಿದ ಕಡೆ ಬಿಳಿಯದೋ ಹಸಿರಿನದೋ ಪುಡಿ ಕಟ್ಟಿರುತ್ತದೆ. ಹೋಸನ್ನು ಹಿಚುಕಿ. ಗಟ್ಟಿ ರಬ್ಬರಿನಂತೆ ವಾಪಸ್ ಬಂದರೆ ಸರಿ. ಸ್ಪಂಜಿನಂತೆ ಮೆತ್ತಗಿದ್ದರೆ, ಇಲ್ಲವೇ ಬಗ್ಗಿಸಿದಾಗ ಬಿರುಕು ಬಿಟ್ಟರೆ ಅದರ ಆಯಸ್ಸು ಮುಗಿದಿದೆ.

ನನಗೆ ಕಣ್ಣಿಗೆ ಏನೂ ಕಾಣಲಿಲ್ಲ. ಎಲ್ಲ ಒದ್ದೆ, ಎಲ್ಲ ಧೂಳು. ಆಗ ಹಳೇ ಬನಿಯನ್ ಬಟ್ಟೆಯಲ್ಲಿ ಎಲ್ಲ ಜಾಯಿಂಟ್ ಒರೆಸಿ ಒಣಗಿಸಿ, ಮಗಳ ಮುಖಕ್ಕೆ ಹಾಕುವ ಪೌಡರಿನಲ್ಲಿ ಹತ್ತಿ ಅದ್ದಿ ಹೋಸ್‌ನ ತುದಿಗಳಿಗೆಲ್ಲ ತೆಳ್ಳಗೆ ಹಚ್ಚಿದೆ. ಬೆಲ್ಟಿಗೆ ತಾಗದಂತೆ ನೋಡಿಕೊಂಡೆ. ಮಾರನೇ ದಿನ ಆರು ಗಂಟೆ ಚಳಿಯಲ್ಲಿ ಟಾರ್ಚ್ ಹಿಡಿದರೆ, ಮೇಲಿನ ಹೋಸ್ ಎಂಜಿನ್ನಿಗೆ ಸೇರುವ ಕಡೆ, ಕ್ಲಿಪ್ಪಿನ ಅಡಿಯಿಂದ, ಬಿಳಿ ಪೌಡರ್ ಮೇಲೆ ದಾರದಷ್ಟು ಸಣ್ಣ ಹಸಿರು ಗೆರೆ. ಅದರ ತುದಿಯಲ್ಲಿ ಒಂದು ಹನಿ, ಬೀಳಲೋ ಬೇಡವೋ ಅನ್ನುವ ಹಾಗೆ. ಎಂಜಿನ್ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ನೋಡಿದೆ. ಹನಿ ಇಲ್ಲ! ಹಳೇ ರಬ್ಬರ್ ಚಳಿಗೆ ಕುಗ್ಗಿ ಹಿಡಿತ ಬಿಡುತ್ತದೆ, ಬಿಸಿಗೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಹೀಗೆ ದಿನಕ್ಕೆ ಒಂದೆರಡು ಚಮಚ ಹೋಗಿ ಹೋಗಿ ಡಬ್ಬಿ ಖಾಲಿಯಾಗಿತ್ತು. ನಾನೂ ಎರಡು ತಿಂಗಳಿಂದ ಬಾನೆಟ್ ಎತ್ತಿರಲಿಲ್ಲ ಅನ್ನಿ.

ಇನ್ನು ರಿಪೇರಿ. ರಾತ್ರಿಯಿಡೀ ನಿಂತ ಕಾರಿನಲ್ಲೇ ಮಾಡಿ. ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ, ಒತ್ತಿ ತಿರುಗಿಸಿ ತೆಗೆಯಿರಿ. ಹೊಸ ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳ ಇಲ್ಲದೆ ಡಬ್ಬಿಗೇ ಇರಬಹುದು, ಆಗ ಅದನ್ನು ತೆಗೆಯಿರಿ. ರೇಡಿಯೇಟರ್ ಕೆಳಗಿನ ಡ್ರೈನ್ ಪ್ಲಗ್ ಸಡಿಲಿಸಿ, ಟಬ್ಬಿನಲ್ಲಿ ಒಂದೂವರೆ ಲೀಟರ್ ಹಿಡಿದುಕೊಂಡರೆ ಮೇಲಿನ ಹೋಸ್‌ಗೆ ಸಾಕು. ಕೆಳಗಿನ ಹೋಸ್ ಆದರೆ ಪೂರ್ತಿ ಇಳಿಸಬೇಕು. ಇಳಿಸಿದ್ದನ್ನು ಚರಂಡಿಗೂ ಗಿಡಕ್ಕೂ ಸುರಿಯಬೇಡಿ. ಕ್ಯಾನಿಗೆ ತುಂಬಿ, ಮುಚ್ಚಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಕೇಳಿ ಕೊಡಿ.

ಕ್ಲಿಪ್ ಸ್ಪ್ರಿಂಗ್‌ನದಾದರೆ ಅದರ ಎರಡು ಕಿವಿಗಳನ್ನು ಪ್ಲೇಯರಿನಲ್ಲಿ ಒತ್ತಿ ಹಿಂದಕ್ಕೆ ಸರಿಸಿ. ಸ್ಕ್ರೂ ಇದ್ದರೆ ಸಡಿಲಿಸಿ. ಹೋಸ್ ಅಂಟಿಕೊಂಡಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ರೇಡಿಯೇಟರ್ ಕಡೆಯ ಪ್ಲಾಸ್ಟಿಕ್ ಮೂತಿ ಮುರಿದರೆ 440ರ ಕೆಲಸ ನಾಲ್ಕೈದು ಸಾವಿರಕ್ಕೆ ಹೋಗುತ್ತದೆ. ಹೇಗೂ ಹೊಸ ಹೋಸ್ ಹಾಕುವುದಲ್ವಾ, ಹಳೆಯದನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಸುಲಿದುಬಿಡಿ. ಹೋಸ್ ಒಳಗಿನ ಮೂತಿಗೆ ಬ್ಲೇಡ್ ಗೀರು ಬೀಳಬಾರದು.

ಸುಲಿದ ಮೇಲೆ ನಿಜವಾದ ಕಾರಣ ಕಂಡಿತು. ಎಂಜಿನ್ನಿನ ಅಲ್ಯೂಮಿನಿಯಂ ಮೂತಿಯ ಮೇಲೆ ಬಿಳೀ ಹಕ್ಕಳೆ. ಉಗುರಿನಲ್ಲಿ ಕೆರೆದರೆ ಸುಣ್ಣದಂತೆ ಉದುರುತ್ತಿತ್ತು. ಇದು ನನ್ನದೇ ಕೈಕೆಲಸ. ವರ್ಷಗಟ್ಟಲೆ ಕಡಿಮೆಯಾದಾಗೆಲ್ಲ ನಲ್ಲಿಯ ಬೋರ್ ನೀರು ಸುರಿದಿದ್ದೆ. ಗೀಸರಿನ ಕಾಯಿಲ್ ಬೆಳ್ಳಗಾಗುವ ನೀರು ಎಂಜಿನ್ನಿಗೆ ಒಳ್ಳೆಯದು ಮಾಡುತ್ತದೆಯೇ? ಇಂಥ ಮೂತಿಯ ಮೇಲೆ ಹೊಸ ಹೋಸ್ ಹಾಕಿದರೂ ಮತ್ತೆ ಸೋರುತ್ತದೆ. ಮೂತಿಯೊಳಗೆ ಬಟ್ಟೆ ತುರುಕಿ, 320 ನಂಬರಿನ ಎಮರಿ ಪೇಪರನ್ನು ಪಟ್ಟಿಯಾಗಿ ಕತ್ತರಿಸಿ, ಶೂ ಪಾಲಿಶ್ ಮಾಡುವ ಹಾಗೆ ಸುತ್ತಲೂ ಎಳೆದೆ. ಬೆರಳಿಗೆ ನುಣ್ಣಗೆ ಸಿಗುವವರೆಗೆ. ಅರ್ಧ ಗಂಟೆ ಹಿಡಿಯಿತು. ಇಡೀ ಕೆಲಸದಲ್ಲಿ ಇದೊಂದಕ್ಕೆ ಆತುರ ಮಾಡಬೇಡಿ. ಆಮೇಲೆ ಬಟ್ಟೆ ತೆಗೆಯಲು ಮರೆಯಬೇಡಿ.

ಅಂಗಡಿಗೆ ಹಳೇ ಹೋಸನ್ನೇ ಹಿಡಿದುಕೊಂಡು ಹೋಗಿ. ಬಾಗು, ಉದ್ದ, ಒಳಗಿನ ಅಗಲ ಮೂರೂ ಹೊಂದಬೇಕು. ನನಗೆ ಹೋಸ್ 380, ಎರಡು ಕ್ಲಿಪ್ 60. ಹಾಕುವಾಗ ತುದಿಗೆ ಸ್ವಲ್ಪ ಕೂಲೆಂಟ್ ಸವರಿದರೆ ಜಾರಿ ಕೂರುತ್ತದೆ. ಗ್ರೀಸ್, ಆಯಿಲ್ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಮೊದಲು ಕ್ಲಿಪ್ ಹೋಸ್ ಮೇಲೆ ಹಾಕಿಕೊಳ್ಳಿ, ನಾನು ಮರೆತು ಎರಡು ಸಲ ಬಿಚ್ಚಿದೆ. ಮೂತಿಯ ತುದಿಯಲ್ಲಿ ಒಂದು ಉಬ್ಬು ಇರುತ್ತದೆ. ಕ್ಲಿಪ್ ಕೂರಬೇಕಾದದ್ದು ಆ ಉಬ್ಬು ದಾಟಿ, ಹೋಸ್‌ನ ಅಂಚಿನಿಂದ ಮೂರ್ನಾಲ್ಕು ಮಿಲಿಮೀಟರ್ ಒಳಗೆ. ರಬ್ಬರ್ ಕ್ಲಿಪ್ಪಿನ ಪಕ್ಕದಲ್ಲಿ ಸ್ವಲ್ಪ ಉಬ್ಬುವಷ್ಟು ಬಿಗಿ ಮಾಡಿ. ಕತ್ತರಿಸುವಷ್ಟು ಬೇಡ.

ಕೂಲೆಂಟ್ ನಿಮ್ಮ ಕಾರಿನ ಪುಸ್ತಕದಲ್ಲಿ ಹೇಳಿದ್ದೇ ಆಗಬೇಕು. ಬಣ್ಣ ನೋಡಿ ಕೊಳ್ಳಬೇಡಿ. ಎಲ್ಲ ಕಂಪನಿಯ ಹಸಿರೂ ಒಂದೇ ಅಲ್ಲ. ರೆಡಿ ಮಿಕ್ಸ್ ಆದರೆ ನೀರು ಸೇರಿಸದೆ ಸುರಿಯಿರಿ. ಗಟ್ಟಿಯದಾದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ನಿಧಾನಕ್ಕೆ ತುಂಬಿ. ಬ್ಯಾಟರಿ ವೈರ್ ಹಾಕಿ, ಮುಚ್ಚಳ ತೆರೆದೇ ಎಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಫುಲ್ ಬಿಸಿಗೆ ಇಡಿ. ಗುಳುಗುಳು ಅಂತ ಗಾಳಿ ಬರುತ್ತದೆ, ಮಟ್ಟ ಇಳಿಯುತ್ತದೆ, ಮತ್ತೆ ಹಾಕಿ. ಮೇಲಿನ ಹೋಸ್ ಬಿಸಿಯಾದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆರೆದಿದೆ ಅಂತ. ಉಕ್ಕುವ ಮೊದಲು ಮುಚ್ಚಳ ಹಾಕಿ, ಕೈ ದೂರ ಇಡಿ. ಕೆಲವು ಎಂಜಿನ್ನುಗಳಿಗೆ ಗಾಳಿ ಬಿಡಲು ಬೇರೆ ಸ್ಕ್ರೂ ಇರುತ್ತದೆ, ಪುಸ್ತಕದಲ್ಲಿ ನೋಡಿಕೊಳ್ಳಿ. ಫ್ಯಾನ್ ಒಂದು ಸಲ ತಿರುಗಿ ನಿಂತ ಮೇಲೆ ಆಫ್ ಮಾಡಿ. ಮಾರನೇ ದಿನ ತಣ್ಣಗಿರುವಾಗ ಮತ್ತೆ ಮಟ್ಟ ನೋಡಿ, ಸ್ಕ್ರೂ ಕ್ಲಿಪ್ ಆದರೆ ಇನ್ನೊಂದು ಕಾಲು ಸುತ್ತು ಬಿಗಿ ಮಾಡಿ.

ಎಲ್ಲ ಸೋರಿಕೆಯೂ ಮನೆಯಲ್ಲಿ ಮಾಡುವಂಥದ್ದಲ್ಲ. ಪಂಪಿನ ಅಡಿಯ ತೂತಿನಿಂದಲೇ ಹನಿ ಬರುತ್ತಿದ್ದರೆ ಪಂಪೇ ಬದಲಾಗಬೇಕು. ಕಾರಿನೊಳಗೆ ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರಿನ ರೇಡಿಯೇಟರ್. ಎಲ್ಲೂ ಹನಿ ಇಲ್ಲದೆ ನೀರು ಕಡಿಮೆಯಾಗುತ್ತಾ, ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಆಯಿಲ್ ಮುಚ್ಚಳದಡಿ ಕಾಫಿ ನೊರೆಯಂಥದ್ದು ಕಂಡರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲಿನ ಮತ್ತು ಕೆಳಗಿನ ಭಾಗದ ನಡುವಿನ ಸೀಲು, ಹೋಗಿರಬಹುದು. ಓಡಿಸಬೇಡಿ, ಎಳೆಸಿಕೊಂಡು ಹೋಗಿ. ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಟ್ಟರೆ ಪೇಸ್ಟ್ ಹಚ್ಚುವುದು ಊರು ಸೇರುವವರೆಗೆ ಮಾತ್ರ.

ಅಪ್ಪನ ಕಾಲದ ಮದ್ದು ಇನ್ನೊಂದಿತ್ತು, ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಪುಡಿ. ಸಣ್ಣ ತೂತು ಮುಚ್ಚುತ್ತಿತ್ತು, ನಿಜ. ಆ ಲಾರಿಯ ಹಿತ್ತಾಳೆ ರೇಡಿಯೇಟರ್ ಬಿಚ್ಚಿ ತೊಳೆದು ಬೆಸುಗೆ ಹಾಕಬಹುದಿತ್ತು. ಈಗಿನ ಕಾರಿನ ಸಣ್ಣ ಕೊಳವೆಗಳಿಗೆ ಪುಡಿ ಹೋದರೆ ತೂತಿನ ಜೊತೆ ದಾರಿಯೂ ಮುಚ್ಚುತ್ತದೆ. ನಾನು ಮಾಡಿದ ಕೆಲಸ ನೋಡಲು ಬಂದ ಅಪ್ಪ ಹೋಸ್ ಹಿಚುಕಿ, ಕ್ಲಿಪ್ ತಿರುಗಿಸಿ ನೋಡಿ, "ಅರಿಶಿನ ಉಳೀತು ಬಿಡು ಮಗಾ" ಅಂದರು.

ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಮಟ್ಟದ ಗೆರೆ ಎಳೆದು ತಾರೀಕು ಬರೆದಿಟ್ಟಿದ್ದೇನೆ. ಪ್ರತಿ ಭಾನುವಾರ ಬೆಳಗ್ಗೆ, ಸ್ಟಾರ್ಟ್ ಮಾಡುವ ಮೊದಲು ನೋಡುವುದು. ಐದು ವಾರವಾಯಿತು, ಗೆರೆ ಇದ್ದಲ್ಲೇ ಇದೆ. ರಟ್ಟು ಮಾತ್ರ ಇನ್ನೂ ತೆಗೆದಿಲ್ಲ, ಪಕ್ಕದ ಮನೆಯ ಬೆಕ್ಕು ಅದರ ಮೇಲೆ ಮರಿ ಹಾಕಿದೆ.