ತೂಕ ಇಳಿಸುವ ಶಸ್ತ್ರಚಿಕಿತ್ಸೆಯಲ್ಲಿ ತೊಡಕಾದರೆ: ದುಬೈಯಲ್ಲಿರುವ ಕಾಸರಗೋಡಿನವರಿಗೆ

ರಜೆಗೆ ಊರಿಗೆ ಹೋದಾಗ ಮಂಗಳೂರಿನಲ್ಲಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ರಜೆ ಮುಗಿಯುತ್ತಲೇ ದುಬೈ ವಿಮಾನ ಹತ್ತುವವರು ಕುಂಬಳೆ, ಉಪ್ಪಳ, ಬದಿಯಡ್ಕ ಕಡೆ ಈಗ ಅಪರೂಪವಲ್ಲ. ಬಹುಪಾಲು ಮಂದಿಗೆ ಒಳ್ಳೆಯದೇ ಆಗುತ್ತದೆ. ತೊಡಕು ಕಾಣಿಸಿಕೊಂಡವರು ಮಾತ್ರ ಮೊದಲು ಮಾಡುವ ಕೆಲಸ ಮುಚ್ಚಿಡುವುದು. ಕಂಪೆನಿಗೆ ತಿಳಿದರೆ ಕೆಲಸ ಹೋದೀತು, ವಿಮೆಯವರಿಗೆ ತಿಳಿದರೆ ಹಣ ಸಿಗಲಿಕ್ಕಿಲ್ಲ ಎಂಬ ಭಯ. ದುಬೈಯ ಆಸ್ಪತ್ರೆಯೊಂದರಲ್ಲಿ ವಿಮೆಯ ಅಪ್ರೂವಲ್, ಅಂದರೆ ಚಿಕಿತ್ಸೆಯ ಖರ್ಚಿಗೆ ವಿಮಾ ಕಂಪೆನಿಯ ಒಪ್ಪಿಗೆ, ನೋಡುವ ವಿಭಾಗದಲ್ಲಿ ನಾನಿದ್ದೇನೆ. ಮುಚ್ಚಿಟ್ಟು ಲಾಭ ಪಡೆದವರನ್ನು ನಾನು ಕಂಡಿಲ್ಲ. ಜೀವಕ್ಕೆ ಕುತ್ತು ತಂದುಕೊಂಡವರನ್ನು ಕಂಡಿದ್ದೇನೆ.

ಹಣದ ಮಾತಿಗೆ ಮೊದಲು ದೇಹದ ಮಾತು. ಸ್ಲೀವ್, ಅಂದರೆ ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆದು ಉಳಿದದ್ದನ್ನು ಕೊಳವೆಯಂತೆ ಮಾಡುವ ಶಸ್ತ್ರಚಿಕಿತ್ಸೆ, ಮಾಡಿಸಿಕೊಂಡವರಿಗೆ ಮೊದಲ ಕೆಲವು ವಾರಗಳಲ್ಲಿ ಸ್ಟೇಪಲ್ ಹಾಕಿದ ಸಾಲು ಸೋರುವ ಅಪಾಯವಿದೆ. ಜ್ವರ, ಹೊಟ್ಟೆನೋವು, ಎಡ ಭುಜದ ನೋವು, ಸುಮ್ಮನೆ ಮಲಗಿದ್ದರೂ ನಿಮಿಷಕ್ಕೆ 120 ದಾಟುವ ಎದೆಬಡಿತ ಇವುಗಳಲ್ಲಿ ಯಾವುದು ಬಂದರೂ 998ಕ್ಕೆ ಕರೆ ಮಾಡಿ ಆಂಬುಲೆನ್ಸ್ ತರಿಸಿಕೊಳ್ಳಿ. ಬೈಪಾಸ್, ಅಂದರೆ ಹೊಟ್ಟೆಯನ್ನು ಚಿಕ್ಕದಾಗಿಸಿ ಕರುಳಿಗೆ ಬೇರೆ ದಾರಿಯಲ್ಲಿ ಜೋಡಿಸುವ ಶಸ್ತ್ರಚಿಕಿತ್ಸೆ, ಆದವರಿಗೆ ವರ್ಷಗಳು ಕಳೆದ ಮೇಲೂ ಕರುಳು ಒಳಗೇ ಸಿಕ್ಕಿಕೊಂಡು ತಡೆಯಲಾಗದ ನೋವು ಬರಬಹುದು. ವಾರಗಟ್ಟಲೆ ಬಿಡದ ವಾಂತಿಯನ್ನು ಹಗುರವಾಗಿ ಕಾಣಬೇಡಿ. ಅದರಿಂದ ದೇಹದಲ್ಲಿ ಬಿ1 ಜೀವಸತ್ವ (ಥಯಾಮಿನ್) ಬರಿದಾದರೆ ಕಣ್ಣು ಮಂಜಾಗುತ್ತದೆ, ನಡಿಗೆ ತೂರಾಡುತ್ತದೆ, ಮರೆವು ಕವಿಯುತ್ತದೆ. ಇಂಥವರಿಗೆ ಗ್ಲೂಕೋಸ್ ಏರಿಸುವ ಮೊದಲೇ ಥಯಾಮಿನ್ ಕೊಡಬೇಕು. ಶಸ್ತ್ರಚಿಕಿತ್ಸೆಯ ವಿಷಯವನ್ನೇ ನೀವು ಹೇಳದಿದ್ದರೆ ತುರ್ತು ವಿಭಾಗದ ವೈದ್ಯರಿಗೆ ಅದು ಹೊಳೆಯುವುದಾದರೂ ಹೇಗೆ?

ತುರ್ತು ಸ್ಥಿತಿಯಲ್ಲಿ ಬಂದ ರೋಗಿಗೆ ಚಿಕಿತ್ಸೆ ನಿರಾಕರಿಸುವುದನ್ನು ಯುಎಇಯ 2016ರ ವೈದ್ಯಕೀಯ ಹೊಣೆಗಾರಿಕೆ ಕಾನೂನು ನಿಷೇಧಿಸುತ್ತದೆ. ಬಿಲ್ಲಿನ ಚಿಂತೆ ಆಮೇಲಿರಲಿ, ಬಾಗಿಲಿಗೆ ಬನ್ನಿ.

ಇನ್ನು ವಿಮೆ. ದುಬೈಯ 2013ರ 11ನೇ ಕಾನೂನಿನ ಪ್ರಕಾರ ನೌಕರನ ಆರೋಗ್ಯ ವಿಮೆಯ ಕಂತು ಕಟ್ಟಬೇಕಾದವನು ಮಾಲೀಕ. ಅದನ್ನು ಸಂಬಳದಿಂದ ಮುರಿದುಕೊಳ್ಳುವಂತಿಲ್ಲ. ತಿಂಗಳಿಗೆ 4,000 ದಿರ್ಹಮ್‌ವರೆಗೆ ಸಂಬಳ ಇರುವವರಿಗೆ ಸಾಮಾನ್ಯವಾಗಿ ಸಿಗುವುದು ಮೂಲ ಪಾಲಿಸಿ. ಅದರ ವಾರ್ಷಿಕ ಮಿತಿ 1,50,000 ದಿರ್ಹಮ್. ಬೊಜ್ಜಿಗೆ ಮಾಡುವ ಯಾವ ಚಿಕಿತ್ಸೆಯೂ ಅದರಲ್ಲಿಲ್ಲ. ಮೇಲ್ದರ್ಜೆಯ ಕೆಲವು ಪಾಲಿಸಿಗಳಲ್ಲಿ ಇದ್ದರೂ ಕಾಯುವ ಅವಧಿ, ಪ್ರತ್ಯೇಕ ಮಿತಿ ಎಂಬ ಷರತ್ತುಗಳಿರುತ್ತವೆ. ಆದ್ದರಿಂದ ಕಾರ್ಡಿನ ಹಿಂಬದಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಎಚ್‌ಆರ್ ಕಚೇರಿಯಿಂದ ಪಾಲಿಸಿಯ ಪೂರ್ತಿ ಪ್ರತಿ ಕೇಳಿ ಪಡೆದು, ಹೊರಗಿಟ್ಟ ಚಿಕಿತ್ಸೆಗಳ ಪಟ್ಟಿಯನ್ನು ಓದಿ. ಅಂಥ ಚಿಕಿತ್ಸೆಯಿಂದ ಹುಟ್ಟಿದ ತೊಡಕುಗಳನ್ನೂ ಹೊರಗಿಟ್ಟಿದ್ದಾರೆಯೇ ಎಂಬ ಒಂದು ವಾಕ್ಯದ ಮೇಲೆ ನಿಮ್ಮ ಇಡೀ ಲೆಕ್ಕ ನಿಂತಿರುತ್ತದೆ.

ಮರುಶಸ್ತ್ರಚಿಕಿತ್ಸೆ ಎಂದರೆ ಎಲ್ಲವೂ ಒಂದೇ ಅಲ್ಲ. ಇಳಿದ ತೂಕ ಮತ್ತೆ ಏರಿತೆಂದು ಮಾಡುವುದು ವಿಮೆಯ ಕಣ್ಣಿನಲ್ಲಿ ಬೊಜ್ಜಿನ ಚಿಕಿತ್ಸೆಯೇ. ಹೊಟ್ಟೆಯ ಕೊಳವೆ ಇಕ್ಕಟ್ಟಾಗಿ ನೀರೂ ಇಳಿಯದಿರುವುದು, ಆಮ್ಲ ಮೇಲೆ ನುಗ್ಗಿ ಅನ್ನನಾಳ ಸುಡುವುದು, ಹುಣ್ಣು, ಸೋರಿಕೆ ಇವು ಬೇರೆಯೇ ಕಾಯಿಲೆಗಳು. ಇಲ್ಲಿನ ಅಪ್ರೂವಲ್ ಅರ್ಜಿಯಲ್ಲಿ ಪ್ರತಿ ಕಾಯಿಲೆಗೂ ಒಂದು ಕೋಡ್ ಇದೆ. ಬೊಜ್ಜಿಗೆ ಇ66, ಬೊಜ್ಜಿನ ಶಸ್ತ್ರಚಿಕಿತ್ಸೆಯ ತೊಡಕಿಗೆ ಕೆ95.

ಬದಿಯಡ್ಕ ಕಡೆಯ ಯುವಕನೊಬ್ಬನ ಅರ್ಜಿ ಇ66 ಎಂಬ ಒಂದೇ ಸಾಲಿನೊಂದಿಗೆ ಹೋಗಿ, ಅದೇ ವೇಗದಲ್ಲಿ ತಿರಸ್ಕೃತವಾಗಿ ಬಂದಿತ್ತು. ಗಂಜಿ ತಿಳಿಯನ್ನೂ ಚಮಚದಲ್ಲಿ ಕುಡಿಯುತ್ತಿದ್ದವನು. "ಅಣ್ಣಾ, ಊರಿನ ಶಸ್ತ್ರಚಿಕಿತ್ಸೆಯ ವಿಷಯವನ್ನೇ ಬಿಟ್ಟು ಬರೆದರೆ ಆಗದೇ?" ಎಂದು ಕೇಳಿದ. "ಬಿಡಬಾರದು. ಅದನ್ನೂ ಬರೆಯೋಣ, ಈಗ ಆಗಿರುವುದನ್ನು ಇನ್ನೂ ಸ್ಪಷ್ಟವಾಗಿ ಬರೆಯೋಣ" ಎಂದೆ. ಶಸ್ತ್ರಚಿಕಿತ್ಸಕರು ಹೊಸ ವರದಿ ಬರೆದುಕೊಟ್ಟರು: ಎಂಡೋಸ್ಕೋಪಿಯ ಕೊಳವೆ ಇಕ್ಕಟ್ಟಿನ ಜಾಗದಲ್ಲಿ ದಾಟಲಿಲ್ಲ, ಕಾಂಟ್ರಾಸ್ಟ್ ಕುಡಿಸಿ ತೆಗೆದ ಚಿತ್ರದಲ್ಲೂ ಅದೇ ಜಾಗದಲ್ಲಿ ತಡೆ, ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕುಸಿದಿದೆ. ಮೊದಲು ಬಲೂನಿನಿಂದ ಹಿಗ್ಗಿಸುವುದಕ್ಕೆ ಒಪ್ಪಿಗೆ ಬಂತು. ಹಿಗ್ಗಿಸಿದ್ದು ಉಳಿಯದಾಗ, ಸ್ಲೀವನ್ನು ಬೈಪಾಸಿಗೆ ಬದಲಿಸುವುದಕ್ಕೂ ಬಂತು. ಎಲ್ಲರ ಪಾಲಿಸಿಯೂ ಹೀಗೆ ಒಪ್ಪುವುದಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು ವಿಮಾ ಕಂಪೆನಿಗೆ ಮೇಲ್ಮನವಿ ಸಲ್ಲಿಸಿ.

ಆ ವರದಿ ಬರಲು ತಡವಾಗಿತ್ತು. ಕಾರಣ, ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಏನೇನು ಮಾಡಿದರೆಂದು ವೈದ್ಯರು ಬರೆದಿಡುವ ಆಪರೇಷನ್ ನೋಟ್ ಇರಲಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಶಸ್ತ್ರಚಿಕಿತ್ಸೆಯ ಹೆಸರಷ್ಟೇ ಇತ್ತು. ಮತ್ತೆ ಹೊಟ್ಟೆ ತೆರೆಯುವ ವೈದ್ಯರಿಗೆ ಹೊಟ್ಟೆಯನ್ನು ಎಷ್ಟು ಉಳಿಸಿದ್ದಾರೆ, ಸ್ಟೇಪಲ್ ಎಲ್ಲಿಂದ ಎಲ್ಲಿಯವರೆಗೆ ಹಾಕಿದ್ದಾರೆ, ಬೈಪಾಸಾದರೆ ಕರುಳಿನ ಯಾವ ಭಾಗ ಎಷ್ಟು ಉದ್ದ ಎಂಬುದೆಲ್ಲ ಬೇಕು. ಮರುಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಕಷ್ಟದ್ದು, ಕತ್ತಲಲ್ಲಿ ಮಾಡುವ ಕೆಲಸವಲ್ಲ. ಭಾರತದ ವೈದ್ಯಕೀಯ ನಡವಳಿಕೆ ನಿಯಮಗಳು, 2002ರ ಪ್ರಕಾರ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಮೂರು ವರ್ಷವಾದರೂ ಇಟ್ಟಿರಬೇಕು. ನೀವು ಇಲ್ಲಿದ್ದರೆ ಊರಿನಲ್ಲಿರುವ ತಮ್ಮನಿಗೋ ಭಾವನಿಗೋ ಸಹಿ ಮಾಡಿದ ಅಧಿಕಾರ ಪತ್ರ ಕಳಿಸಿ. ಕಾಸರಗೋಡಿನಿಂದ ಬೆಳಗಿನ ರೈಲು ಹಿಡಿದರೆ ಅರ್ಧ ದಿನದ ಕೆಲಸ.

ಕೆಲಸ ಹೋಗುವ ಭಯಕ್ಕೆ ಉತ್ತರ ಯುಎಇಯ 2021ರ ಕಾರ್ಮಿಕ ಕಾನೂನಿನಲ್ಲಿದೆ. ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನಗಳವರೆಗೆ ಅನಾರೋಗ್ಯದ ರಜೆ ಉಂಟು: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದು ಸಂಬಳವಿಲ್ಲದೆ. ಮೂರು ಕೆಲಸದ ದಿನಗಳೊಳಗೆ ವೈದ್ಯಕೀಯ ವರದಿಯೊಂದಿಗೆ ಕಂಪೆನಿಗೆ ತಿಳಿಸಬೇಕು.

ಹಣವೇ ಇಲ್ಲದವರು ಭಾರತೀಯ ದೂತಾವಾಸದ ಸಮುದಾಯ ಕಲ್ಯಾಣ ನಿಧಿಗೆ ಅರ್ಜಿ ಹಾಕಬಹುದು. ಅದು ತೀರಾ ಕಷ್ಟದಲ್ಲಿರುವವರಿಗೆ ಮಾತ್ರ. ಕೆಲಸ ಬಿಟ್ಟು ಊರಿಗೆ ಮರಳಿ ಅಲ್ಲಿ ಚಿಕಿತ್ಸೆ ಪಡೆಯುವುದಾದರೆ, ನಾವು ಕನ್ನಡಿಗರಾದರೂ ಕೇರಳದ ನಿವಾಸಿಗಳು ಎಂಬುದು ನೆನಪಿರಲಿ. ಅನಿವಾಸಿಗಳಿಗಾಗಿ ಕರ್ನಾಟಕ ಮಾಡಿರುವ ಯೋಜನೆಗಳ ಬೆನ್ನು ಹತ್ತಿ ದಿನ ಕಳೆಯದೆ ನೇರವಾಗಿ ಅನಿವಾಸಿ ಕೇರಳೀಯರಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ ನೋರ್ಕಾ ರೂಟ್ಸ್‌ಗೆ ಹೋಗಿ. ಮರಳಿದ ಅನಿವಾಸಿಗಳಲ್ಲಿ ಬಡವರಾದವರಿಗೆ ಚಿಕಿತ್ಸೆಗೆ ನೆರವು ಕೊಡುವ 'ಸಾಂತ್ವನ' ಯೋಜನೆ ಅಲ್ಲಿದೆ. ಎರಡು ವರ್ಷವಾದರೂ ವಿದೇಶದಲ್ಲಿ ದುಡಿದದ್ದಕ್ಕೆ ಪುರಾವೆ ಕೇಳುತ್ತಾರೆ, ಆದ್ದರಿಂದ ವೀಸಾ ಪುಟಗಳಿರುವ ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ.