ಅಟ್ಟದ ಮೇಲಿನ ಸಾಮಾನು ಮೊಬೈಲಿನಲ್ಲಿ ಮಾರುವಾಗ

ಬಳಸದೆ ಬಿದ್ದ ಸಾಮಾನು ಮಾರಬೇಕೆಂದರೆ ಮೊದಲು ಕ್ಯಾಲೆಂಡರ್ ನೋಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಕೂಲರ್‌ಗೆ ಶಿವರಾತ್ರಿ ಮುಗಿದ ವಾರದಿಂದ ಗಿರಾಕಿ ಶುರು. ಮೇ ತಿಂಗಳ ಕೊನೆಗೆ ಎರಡು ಅಡ್ಡಮಳೆ ಬಿದ್ದವೆಂದರೆ ಅದೇ ಕೂಲರನ್ನು ಅರ್ಧ ಬೆಲೆಗೂ ಕೇಳುವವರಿರುವುದಿಲ್ಲ. ಮಂಚ, ಓದುವ ಟೇಬಲ್, ಇಂಡಕ್ಷನ್ ಒಲೆ, ಸೈಕಲ್ ಇವಕ್ಕೆಲ್ಲ ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ. ಧಾರವಾಡದ ಸಪ್ತಾಪುರ, ಹುಬ್ಬಳ್ಳಿಯ ವಿದ್ಯಾನಗರದ ಕಡೆ ಓದುವ ಮಕ್ಕಳು ರೂಮು ಹಿಡಿಯುವ ದಿನಗಳವು. ಫ್ರಿಜ್, ಟಿವಿ, ವಾಷಿಂಗ್ ಮಷಿನ್ ಆದರೆ ದಸರೆಗೆ ಒಂದು ತಿಂಗಳು ಮುಂಚೆಯೇ ಹಾಕಿ. ದಸರೆ-ದೀಪಾವಳಿಗೆ ಎಲ್ಲರೂ ಹೊಸದು ತಂದು ಹಳೆಯದನ್ನು ಮಾರಲು ಹೊರಡುತ್ತಾರೆ, ಆಮೇಲೆ ಹಳೆ ಮಾಲಿಗೆ ಬೆಲೆ ಇಳಿಯುತ್ತದೆ. ಗಾಡಿ ಮಾರುವವರು ಆಷಾಢದಲ್ಲಿ ಅವಸರ ಮಾಡುವುದು ಬೇಡ. "ಶ್ರಾವಣ ಬರ್ಲಿ, ನೋಡೋಣ್ರಿ" ಎನ್ನುವ ಗಿರಾಕಿಯೇ ಜಾಸ್ತಿ.

ಎಲ್ಲಿ ಹಾಕಬೇಕು? ಮೊದಲು ನಿಮ್ಮ ಓಣಿಯದೋ ಅಪಾರ್ಟ್‌ಮೆಂಟಿನದೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಪರಿಚಯದವರು ಕೊಂಡರೆ ಸಾಗಾಟದ ಖರ್ಚಿಲ್ಲ, ಮೋಸದ ಭಯವೂ ಕಡಿಮೆ. ಎರಡು ದಿನ ಕಾದು ನೋಡಿ, ಆಮೇಲೆ ಓಎಲ್‌ಎಕ್ಸ್ ಮತ್ತು ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಎರಡರಲ್ಲೂ ಹಾಕಿ. ಇಲ್ಲೊಂದು ಸಣ್ಣ ಸಂಗತಿ ಬಹಳ ಕೆಲಸಕ್ಕೆ ಬರುತ್ತದೆ. ಊರಿನ ಹೆಸರು 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಎಂದೇ ಆಗಿದ್ದರೂ ಹುಡುಕುವ ಜನ ಇಂದಿಗೂ 'ಹುಬ್ಳಿ' ಎಂಬ ಹಳೆ ಸ್ಪೆಲಿಂಗನ್ನೇ ಒತ್ತುತ್ತಾರೆ. ಜಾಹೀರಾತಿನಲ್ಲಿ ಎರಡೂ ಸ್ಪೆಲಿಂಗ್ ಇರಲಿ, ಜೊತೆಗೆ ಬಡಾವಣೆಯ ಹೆಸರೂ ಇರಲಿ: ಕೇಶ್ವಾಪುರ, ನವನಗರ, ಮಾಳಮಡ್ಡಿ, ಹೀಗೆ. ಗದಗ, ಹಾವೇರಿಯವರು ತಮ್ಮೂರಿನ ಜೊತೆ ಹುಬ್ಬಳ್ಳಿಗೂ ತೋರಿಸಬಹುದು, ಆದರೆ ಸಣ್ಣ ಮಾಲಿಗೆ ಮಾತ್ರ. ಗದಗಿನಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್. ಮೂರು ಸಾವಿರದ ತಿಜೋರಿಯನ್ನು ಅಷ್ಟು ದೂರ ಒಯ್ಯಲು ಟೆಂಪೋ ಬಾಡಿಗೆ ಕೊಟ್ಟರೆ ಕೊಂಡವನಿಗೆ ಏನೂ ಉಳಿಯುವುದಿಲ್ಲ, ಅದಕ್ಕೇ ಅವನು ಬರುವುದೂ ಇಲ್ಲ.

ಫೋಟೋ ತೆಗೆಯುವ ಕೆಲಸಕ್ಕೆ ಅರ್ಧ ತಾಸು ಮೀಸಲಿಡಿ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಕಿಟಕಿ ಪಕ್ಕಕ್ಕೋ ಪಡಸಾಲೆಗೋ ತಂದು, ಟ್ಯೂಬ್‌ಲೈಟ್ ಆರಿಸಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಫ್ಲ್ಯಾಶ್ ಬಿದ್ದರೆ ಸ್ಟೀಲು ಮತ್ತು ಗಾಜು ಬೆಳ್ಳಗೆ ಹೊಳೆದು ಏನೂ ಕಾಣುವುದಿಲ್ಲ. ಎದುರಿಂದ ಒಂದು, ಎರಡೂ ಮಗ್ಗುಲು, ಹಿಂಭಾಗ, ಬಾಗಿಲು ತೆಗೆದು ಒಳಗಿನದೊಂದು, ಕಂಪನಿಯ ಪಟ್ಟಿ ಅಂಟಿಸಿರುತ್ತಾರಲ್ಲ, ಅದರ ಮಾಡೆಲ್ ನಂಬರ್ ಓದುವಷ್ಟು ಹತ್ತಿರದಿಂದ ಒಂದು. ಕೊನೆಯದು ಬಹಳ ಮುಖ್ಯ: ಎಲ್ಲಿ ಗೆರೆ ಬಿದ್ದಿದೆ, ಎಲ್ಲಿ ತುಕ್ಕು ಹಿಡಿದಿದೆ, ಎಲ್ಲಿ ಹಿಡಿಕೆ ಮುರಿದಿದೆ ಎಂಬುದರ ಫೋಟೋ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆದರೆ ಗೆರೆ ಎಷ್ಟುದ್ದವೆಂದು ನೋಡುವವರಿಗೆ ತಿಳಿಯುತ್ತದೆ. ಹಿನ್ನೆಲೆಯಲ್ಲಿ ದೇವರ ಮನೆ, ಮಕ್ಕಳು, ಮನೆ ನಂಬರು ಬೀಳದಂತೆ ನೋಡಿಕೊಳ್ಳಿ.

ಕುಂದನ್ನು ಮುಚ್ಚಿಟ್ಟರೆ ಬೆಲೆ ಹೆಚ್ಚು ಬರುತ್ತದೆ ಎಂದು ಹಲವರು ತಿಳಿದಿದ್ದಾರೆ. ಆಗುವುದು ತಿರುವುಮುರುವು. ಫೋಟೋದಲ್ಲಿ ಕಾಣದ ಡೆಂಟು ಮನೆಗೆ ಬಂದಾಗ ಕಂಡರೆ, ಐದು ಸಾವಿರಕ್ಕೆ ಒಪ್ಪಿದ್ದವನು ಎರಡೂವರೆಗೆ ಇಳಿಯುತ್ತಾನೆ. ಒಂದು ಸುಳ್ಳು ಕಂಡಮೇಲೆ ಕಾಣದ ಇನ್ನೂ ನಾಲ್ಕು ಇರಬೇಕೆಂದು ಅವನ ಲೆಕ್ಕ. ಮೊದಲೇ ಬರೆದಿದ್ದರೆ ಅದನ್ನು ಬೆಲೆಯಲ್ಲಿ ಹಿಡಿದುಕೊಂಡೇ ಬಂದಿರುತ್ತಾನೆ. ಬರೆಯುವುದು ಹೀಗಿರಲಿ: "190 ಲೀಟರ್ ಸಿಂಗಲ್ ಡೋರ್ ಫ್ರಿಜ್, 2020ರಲ್ಲಿ ಕೊಂಡದ್ದು, ಬಿಲ್ ಇದೆ. ಕೂಲಿಂಗ್ ಚೆನ್ನಾಗಿದೆ. ತರಕಾರಿ ಡಬ್ಬಿ ಸೀಳಿದೆ, ಬಲಗಡೆ ಅಂಗೈಯಗಲ ಡೆಂಟ್. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ, ಇಳಿಸಲು ಇಬ್ಬರು ಬೇಕು. ಬೆಲೆ 6,500." ಮಹಡಿ ಮತ್ತು ಲಿಫ್ಟಿನ ವಿಷಯ ಬರೆಯುವವರು ಕಡಿಮೆ. ಬರೆಯದಿದ್ದರೆ ಟಂಟಂ ಆಟೋ ತಂದವನು ಕೆಳಗೆ ನಿಂತು ಹಮಾಲಿ ದುಡ್ಡು ನಿಮ್ಮ ಬೆಲೆಯಲ್ಲೇ ಕಡಿಯುತ್ತಾನೆ.

ಬೆಲೆ ಕಟ್ಟುವಾಗ ನೀವು ಕೊಟ್ಟ ದುಡ್ಡಿನಿಂದ ಲೆಕ್ಕ ಶುರು ಮಾಡಬೇಡಿ. ಅದೇ ಮಾಲು ಇವತ್ತು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ನೋಡಿ. ಎರಡು ವರ್ಷ ಬಳಸಿ ಚೆನ್ನಾಗಿರುವ ಫ್ರಿಜ್, ವಾಷಿಂಗ್ ಮಷಿನ್‌ಗೆ ಅದರ ಅರ್ಧ, ಐದು ವರ್ಷ ದಾಟಿದ್ದಕ್ಕೆ ಕಾಲು ಭಾಗದಿಂದ ಮೂರನೇ ಒಂದು ಭಾಗ ಎಂದು ಇಟ್ಟುಕೊಂಡರೆ ಹೆಚ್ಚು ತಪ್ಪಾಗುವುದಿಲ್ಲ. ತೇಗದ ಕಟ್ಟಿಗೆಯ ಸಾಮಾನು ಈ ಲೆಕ್ಕಕ್ಕೆ ಬರುವುದಿಲ್ಲ, ಅದು ಹಳೆಯದಾದಷ್ಟೂ ಬೆಲೆ ಹಿಡಿದಿರುತ್ತದೆ. ಪ್ಲೈವುಡ್ ವಾರ್ಡ್‌ರೋಬ್ ಒಮ್ಮೆ ಬಿಚ್ಚಿ ಕಟ್ಟಿದರೆ ಸ್ಕ್ರೂ ಹಿಡಿಯುವುದಿಲ್ಲ, ಬಂದ ಬೆಲೆಗೆ ಕೊಟ್ಟುಬಿಡಿ. ಚೌಕಾಸಿಗೆಂದು ಹತ್ತು-ಹದಿನೈದು ಪರ್ಸೆಂಟ್ ಮೇಲಿಡಿ, ಅದಕ್ಕಿಂತ ಜಾಸ್ತಿ ಇಟ್ಟರೆ ಫೋನೇ ಬರುವುದಿಲ್ಲ. ಫೋನಿನಲ್ಲೇ "ಲಾಸ್ಟ್ ಎಷ್ಟಕ್ಕ ಕೊಡ್ತೀರ್ರಿ ಅಕ್ಕಾರ?" ಎಂದು ಕೇಳುತ್ತಾರೆ. "ಬಂದು ಮಾಲ್ ನೋಡ್ರಿ, ಆಮ್ಯಾಲೆ ಮಾತಾಡೋಣು" ಎಂದಷ್ಟೇ ಹೇಳಿ. ಫೋನಿನಲ್ಲಿ ಇಳಿಸಿದ ಬೆಲೆಯನ್ನು ಮನೆಗೆ ಬಂದಮೇಲೆ ಮತ್ತೆ ಇಳಿಸುತ್ತಾರೆ.

ಫ್ರಿಜ್ ಮಾರುವವರು ಸ್ವಲ್ಪ ಗಮನವಿಟ್ಟು ಓದಿ, ಹೆಚ್ಚು ತಕರಾರು ಬರುವುದು ಇದರಲ್ಲೇ. ಹಿಂದಿನ ದಿನ ಆರಿಸಿ, ಬಾಗಿಲು ತೆಗೆದಿಟ್ಟು, ಹಿಮ ತಾನಾಗಿ ಕರಗಲು ಬಿಡಿ. ಚಾಕುವಿನಿಂದ ಹಿಮ ಕೆರೆಯುವುದು ದೊಡ್ಡ ತಪ್ಪು. ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಫ್ರೀಜರಿನ ಗೋಡೆಯೊಳಗೇ ಗ್ಯಾಸಿನ ಕೊಳವೆ ಓಡುತ್ತದೆ, ಚಾಕು ತಾಗಿ ಸಣ್ಣ ತೂತಾದರೂ ಗ್ಯಾಸ್ ಸೋರಿ ಫ್ರಿಜ್ ಮೋಡ್ಕಾಕ್ಕೆ, ಅಂದರೆ ಗುಜರಿಗೆ ಹೋಗುತ್ತದೆ. ಬಾಗಿಲ ಸುತ್ತಲಿನ ರಬ್ಬರನ್ನು ಹಳೆ ಟೂತ್‌ಬ್ರಷ್ ಮತ್ತು ಬೆಚ್ಚಗಿನ ಸೋಪಿನ ನೀರಿನಿಂದ ಮಡಿಕೆ ಮಡಿಕೆ ಬಿಡಿಸಿ ತೊಳೆಯಿರಿ. ಕಪ್ಪು ಬೂಷ್ಟು ಕೂರುವುದು ಆ ಮಡಿಕೆಯೊಳಗೇ. ಒಣಗಿದ ಮೇಲೆ ಹತ್ತು ರೂಪಾಯಿ ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಸರಿಯಿದೆ, ಸಲೀಸಾಗಿ ಜಾರಿದರೆ ತಂಪು ಸೋರುತ್ತಿದೆ. ನಾಲ್ಕೂ ಬದಿಯಲ್ಲಿ ಹೀಗೆ ನೋಡಿ. ಒಳಗಿನ ವಾಸನೆಗೆ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಸಾಕು. ಹಿಂದೆ ಕಂಪ್ರೆಸರ್ ಮೇಲಿನ ನೀರಿನ ತಟ್ಟೆಯನ್ನೂ ಖಾಲಿ ಮಾಡಿ ತೊಳೆಯಿರಿ. ಎಷ್ಟು ತೊಳೆದರೂ ಹೋಗದ ವಾಸನೆ ಬಹಳ ಸಲ ಅಲ್ಲಿಂದ ಬರುತ್ತಿರುತ್ತದೆ. ಗಿರಾಕಿ ಬರುವ ಐದಾರು ತಾಸು ಮೊದಲು ಚಾಲೂ ಮಾಡಿ, ಐಸ್ ಟ್ರೇಗೆ ನೀರು ತುಂಬಿಡಿ. ಗಟ್ಟಿ ಮಂಜುಗಡ್ಡೆ ಕಣ್ಣಿಗೆ ಕಂಡಮೇಲೆ ಮಾತು ಕಡಿಮೆಯಾಗುತ್ತದೆ.

ಸಾಗಿಸುವಾಗ ಫ್ರಿಜ್ ನೆಟ್ಟಗೆ ನಿಂತಿರಬೇಕು. ಟಾಟಾ ಏಸ್‌ನಲ್ಲಿ ಡ್ರೈವರ್ ಕ್ಯಾಬಿನ್ನಿಗೆ ಒರಗಿಸಿ, ಹಳೆ ಕೌದಿ ಅಡ್ಡ ಇಟ್ಟು, ಹಗ್ಗ ಬಿಗಿಯಬೇಕು. ಹಿಂದಿನ ಕೊಳವೆಗಳನ್ನು ಹಿಡಿದು ಎತ್ತಬಾರದು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಇಳಿಯುತ್ತದೆ. ಹಾಗೇ ಚಾಲೂ ಮಾಡಿದರೆ ಕಂಪ್ರೆಸರಿಗೆ ಪೆಟ್ಟು. ಮಲಗಿಸಿ ಒಯ್ದಿದ್ದೇ ಆದರೆ ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿ ಬೆಳಿಗ್ಗೆ ಚಾಲೂ ಮಾಡಬೇಕು. ಇದನ್ನು ಕೊಂಡವರಿಗೆ ಬಾಯಿಂದಲೂ ಹೇಳಿ, ವಾಟ್ಸ್‌ಆ್ಯಪಿನಲ್ಲೂ ಬರೆದು ಕಳಿಸಿ. ಇಲ್ಲದಿದ್ದರೆ ಎರಡು ದಿನಕ್ಕೆ "ಕೆಟ್ಟದ್ ಕೊಟ್ಟೀರಿ" ಎಂದು ಫೋನ್ ಬರುತ್ತದೆ.

ವಾಷಿಂಗ್ ಮಷಿನ್‌ಗೆ ನಮ್ಮ ಕಡೆಯ ಬೋರಿನ ಗಡಸು ನೀರೇ ವೈರಿ. 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಹಾಕಿ, ಬಟ್ಟೆಯಿಲ್ಲದೆ ಬಿಸಿನೀರಿನಲ್ಲಿ ಒಂದು ಸುತ್ತು ಓಡಿಸಿದರೆ ಡ್ರಮ್ಮಿನ ಬಿಳಿ ಪದರ ಬಿಡುತ್ತದೆ. ಫ್ರಂಟ್ ಲೋಡ್ ಮಷಿನ್ ಜೊತೆ ಹೊಸದರಲ್ಲಿ ಬಂದ ಉದ್ದನೆಯ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಹುಡುಕಿ ಹಿಂದೆ ಹಾಕಿಯೇ ಸಾಗಿಸಬೇಕು, ಇಲ್ಲವಾದರೆ ದಾರಿಯಲ್ಲಿ ಡ್ರಮ್ ಕುಣಿದು ಒಳಗಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹಾಳಾಗುತ್ತವೆ. ಮಿಕ್ಸಿಯಲ್ಲಿ ಜನ ನೋಡುವುದು ಜಾರು ಕೂರುವ ಕಪ್ಲರ್. ಹಲ್ಲು ಸವೆದಿದ್ದರೆ ಮೊದಲೇ ಬದಲಿಸಿ, ಕೆಲವು ಹತ್ತು ರೂಪಾಯಿಗಳ ಮಾತು.

ತಾಮ್ರ, ಹಿತ್ತಾಳೆಯ ಹಂಡೆ, ಕೊಡಗಳನ್ನು ಅವಸರದಲ್ಲಿ ತೂಕಕ್ಕೆ ಕೊಡಬೇಡಿ. ಪಾತ್ರೆ ಅಂಗಡಿಯಲ್ಲಿ ಕೆಜಿಗೆ ಎಷ್ಟು ಹಿಡಿಯುತ್ತಾರೆ ಕೇಳಿಕೊಂಡು, ಅದನ್ನು ಕೆಳಗಿನ ಗೆರೆ ಮಾಡಿಕೊಳ್ಳಿ. ತೂಕ, ಎತ್ತರ, ಬಾಯಿಯ ಅಗಲ ಬರೆದು ಹಾಕಿದರೆ ಮನೆ ಅಲಂಕಾರಕ್ಕೆ ಒಯ್ಯುವವರು ಅದಕ್ಕಿಂತ ಹೆಚ್ಚು ಕೊಡುತ್ತಾರೆ. ಕಲಘಟಗಿಯ ಬಣ್ಣದ ತೊಟ್ಟಿಲು ಅಟ್ಟದ ಮೇಲಿದ್ದರೆ ಅದಕ್ಕೆ ಹೊಸ ಆಯಿಲ್ ಪೇಂಟ್ ಬಳಿಯುವ ಕೆಲಸ ಖಂಡಿತ ಬೇಡ. ಅದರ ಬೆಲೆಯೇ ಹಳೆಯ ಅರಗಿನ ಬಣ್ಣ ಮತ್ತು ಚಿತ್ರಗಳಲ್ಲಿದೆ. ಒದ್ದೆ ಬಟ್ಟೆ ಹಿಂಡಿ ಒರೆಸಿದರೆ ಸಾಕು. ಬಿಚ್ಚುವಾಗ ಒಳಬದಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕಿಕೊಳ್ಳಿ. ತೊಟ್ಟಿಲು, ತವರಿನಿಂದ ಬಂದ ಹೆಸರು ಕೆತ್ತಿದ ಪಾತ್ರೆ, ಇವುಗಳ ಫೋಟೋ ಹಾಕುವ ಮೊದಲು ಮನೆಯವರನ್ನೆಲ್ಲ ಕೇಳಿ. ಮಾರಿದ ಮೇಲೆ ತಂಗಿಯೋ ಮಗಳೋ ಕೇಳಿದರೆ ಅದು ತಿರುಗಿ ಬರುವುದಿಲ್ಲ.

ಕೆಲವನ್ನು ಮಾರಲೇಬಾರದು. ಗ್ಯಾಸ್ ಸಿಲಿಂಡರ್ ಕಂಪನಿಯ ಆಸ್ತಿ, ಏಜೆನ್ಸಿಗೆ ಒಪ್ಪಿಸಿದರೆ ಕಾಗದದಲ್ಲಿರುವ ಡಿಪಾಸಿಟ್ ವಾಪಸ್ ಬರುತ್ತದೆ. ಇನ್ವರ್ಟರಿನ ಸತ್ತ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಮುರಿದುಕೊಳ್ಳಿ, ಆ್ಯಸಿಡ್ ತುಂಬಿದ ಅದನ್ನು ಗೊತ್ತಿಲ್ಲದವರ ಸ್ಕೂಟರ್ ಮೇಲೆ ಕಳಿಸುವುದು ಅಪಾಯ. ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಮಾರುವುದು ಬೇಡ. ಇನ್ನು ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ ಎನ್ನುವ ಜಾಹೀರಾತುಗಳಿಂದ ದೂರವಿರಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಹಳೆ ನೋಟು-ನಾಣ್ಯದ ವ್ಯವಹಾರಕ್ಕೆ ಶುಲ್ಕ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ.

ಮೊಬೈಲ್ ಮಾರುವಾಗ ಸಿಮ್, ಮೆಮೊರಿ ಕಾರ್ಡ್ ತೆಗೆದರೆ ಸಾಲದು. ಫೋಟೋಗಳನ್ನು ಬೇರೆ ಕಡೆ ಇಳಿಸಿ, ಬ್ಯಾಂಕಿನ ಆ್ಯಪ್‌ಗಳಿಂದ ಹೊರಬನ್ನಿ, ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆಯನ್ನು ಮೊದಲು ತೆಗೆದು ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ ಫೋನ್ ಮತ್ತೆ ಹಳೆ ಖಾತೆಯ ಪಾಸ್‌ವರ್ಡ್ ಕೇಳುತ್ತದೆ, ಕೊಂಡವನು ನಿಮ್ಮ ಬಾಗಿಲಿಗೇ ಬರುತ್ತಾನೆ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ನಂಬರು, ತಾರೀಕು, ಕೊಂಡವರ ಹೆಸರು, ಸಹಿ ಒಂದು ಹಾಳೆಯಲ್ಲಿ ಇರಲಿ, ಬಿಲ್ಲಿನ ಝೆರಾಕ್ಸ್ ನಿಮ್ಮಲ್ಲಿರಲಿ. ನಾಳೆ ಆ ಫೋನ್ ಯಾವುದೋ ತಪ್ಪು ಕೆಲಸಕ್ಕೆ ಬಳಕೆಯಾದರೆ ಅದು ನಿಮ್ಮ ಕೈ ಬಿಟ್ಟ ದಿನಕ್ಕೆ ಈ ಹಾಳೆಯೇ ಸಾಕ್ಷಿ. ಸ್ಕೂಟರ್ ಆದರೆ ಫಾರ್ಮ್ 29 ಮತ್ತು 30ಕ್ಕೆ ಸಹಿಯಾಗಿ, ಆರ್‌ಟಿಓದಲ್ಲಿ ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ತಿಳಿಸಬೇಕೆಂದು ಕಾನೂನಿದೆ. ದಾಖಲೆಯಲ್ಲಿ ನಿಮ್ಮ ಹೆಸರೇ ಇದ್ದು ಅಪಘಾತವಾದರೆ ಪರಿಹಾರದ ಹೊಣೆ ನಿಮ್ಮ ತಲೆಗೆ ಬರಬಹುದು.

ಈಗ ದುಡ್ಡಿನ ವಿಷಯ. ಮಾಲು ನೋಡದೆ, ಒಂದು ರೂಪಾಯಿಯೂ ಕೇಳಿ ಇಳಿಸದೆ, ಹೇಳಿದ ಬೆಲೆಗೆ ಒಪ್ಪಿಕೊಳ್ಳುವ ಗಿರಾಕಿ ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲ. ಅಂಥ ಫೋನ್ ಬಂದರೆ ಅಲ್ಲಿಯೇ ಎಚ್ಚರವಾಗಿ. ತಾನು ಮಿಲಿಟರಿಯಲ್ಲಿದ್ದೇನೆ, ಬರಲಾಗುವುದಿಲ್ಲ, ಗಾಡಿ ಕಳಿಸುತ್ತೇನೆ ಎನ್ನುತ್ತಾನೆ. ಐಡಿ ಕಾರ್ಡಿನ ಫೋಟೋವನ್ನೂ ಕಳಿಸುತ್ತಾನೆ. ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಬರುತ್ತದೆ ಎನ್ನುತ್ತಾನೆ. ದುಡ್ಡು ಪಡೆಯಲು ಯುಪಿಐ ಪಿನ್ ಬೇಡ, ಸ್ಕ್ಯಾನೂ ಬೇಡ. ಪಿನ್ ಒತ್ತಿದ ಕ್ಷಣ ಹಣ ನಿಮ್ಮ ಖಾತೆಯಿಂದಲೇ ಹೋಗುತ್ತದೆ. ಮೊಬೈಲಿಗೆ ಬಂದ ಆರಂಕಿಯ ಕೋಡ್ ಕೇಳಿದರೂ ಕೊಡಬೇಡಿ. ಎದುರಿಗೆ ನಿಂತವನು "ಹಾಕೀನ್ರಿ, ನೋಡ್ರಿ" ಎಂದು ಅವನ ಫೋನಿನ ಹಸಿರು ಟಿಕ್ ತೋರಿಸಿದರೆ ಅದನ್ನೂ ನಂಬಬೇಡಿ, ಅಂಥ ಚಿತ್ರ ತೋರಿಸುವ ನಕಲಿ ಆ್ಯಪ್‌ಗಳಿವೆ. ಎಸ್‌ಎಂಎಸ್ ಕೂಡ ನಕಲಿ ಇರಬಹುದು. ನಿಮ್ಮ ಬ್ಯಾಂಕಿನ ಆ್ಯಪ್ ತೆಗೆದು ಬ್ಯಾಲೆನ್ಸ್ ಏರಿದ್ದು ಕಂಡಮೇಲೆ ಮಾತ್ರ ಮಾಲು ಹೊಸ್ತಿಲು ದಾಟಲಿ. ಮೋಸವಾಯಿತೆಂದು ಗೊತ್ತಾದ ಕೂಡಲೇ, ಅಂದರೆ ಅದೇ ತಾಸಿನಲ್ಲಿ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಆಗುವುದು ಆಗಲೇ. ನಾಚಿಕೆಪಟ್ಟು ಸಂಜೆವರೆಗೆ ಸುಮ್ಮನಿದ್ದು ಕಳೆದುಕೊಳ್ಳುವವರು ಬಹಳ ಮಂದಿ.

ಗಿರಾಕಿಯನ್ನು ಹಗಲು ಹೊತ್ತು, ಮನೆಯಲ್ಲಿ ಇಬ್ಬರಿರುವಾಗ ಕರೆಯಿರಿ. ದೊಡ್ಡ ಸಾಮಾನನ್ನು ಮೊದಲೇ ಪಡಸಾಲೆಗೆ ತಂದಿಟ್ಟರೆ ಒಳಮನೆಯೆಲ್ಲ ತೋರಿಸುವ ಪ್ರಮೇಯ ಬರುವುದಿಲ್ಲ. ಪುಸ್ತಕ, ಮಿಕ್ಸಿ, ಇಸ್ತ್ರಿಪೆಟ್ಟಿಗೆಯಂಥ ಕೈಯಲ್ಲಿ ಒಯ್ಯುವ ವಸ್ತುವಾದರೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದಲ್ಲಿ ಕೊಡುವುದು ಅನುಕೂಲ. ಧಾರವಾಡದವರು ಹುಬ್ಬಳ್ಳಿಯಿಂದ ಕೊಂಡು ಅದೇ ಬಸ್ಸಿಗೆ ತಿರುಗಿ ಹೋಗಬಹುದು. ಕರೆಂಟಿನ ವಸ್ತು ಹೀಗೆ ಕೊಡುವುದಾದರೆ ಅದು ಓಡುವ ವೀಡಿಯೊವನ್ನು ಅವತ್ತೇ ಬೆಳಿಗ್ಗೆ ತೆಗೆದು ಕಳಿಸಿ. "ಸಂಜಿಕ ಬರ್ತೀನ್ರಿ, ಯಾರಿಗೂ ಕೊಡಬ್ಯಾಡ್ರಿ" ಎಂದವರಿಗೆ ಐನೂರು ರೂಪಾಯಿ ಮುಂಗಡ ಕೇಳಿ. ಕೊಡದಿದ್ದರೆ ಮೊದಲು ಬಂದವರಿಗೆ ಎಂದು ಸ್ಪಷ್ಟವಾಗಿ ಹೇಳಿಬಿಡಿ. ಮಾಲು ಹೋದ ದಿನವೇ ಎಲ್ಲ ಕಡೆ ಜಾಹೀರಾತನ್ನು 'ಮಾರಾಟವಾಗಿದೆ' ಎಂದು ಮಾಡಿ, ಒಯ್ದ ಟಂಟಂನ ನಂಬರಿನ ಫೋಟೋ ಮತ್ತು ಗಿರಾಕಿಯ ಜೊತೆಗಿನ ಚಾಟ್ ಒಂದು ತಿಂಗಳಾದರೂ ಅಳಿಸದೆ ಇಟ್ಟುಕೊಳ್ಳಿ.