ಮುಂದೆ ಹೆವಿ (ಭಾರದ ವಿಮಾನ) ಇದ್ದಾಗ ಎಟಿಆರ್ ಇಳಿಸುವುದು: ನನ್ನ ಅನುಭವ

ಬಳ್ಳಾರಿ ಬಳಿಯ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಲ್ಲಿ ಎಟಿಆರ್ 72 ಎಂಬ ಪ್ರೊಪೆಲ್ಲರ್ ವಿಮಾನ ಇಳಿಸುವಾಗ ಮುಂದೆ ಇನ್ನೊಂದು ವಿಮಾನ ಸಿಗುವುದೇ ಅಪರೂಪ. ಅದೇ ಎಟಿಆರ್ ಬೆಂಗಳೂರಿಗೆ ಹೋದರೆ ಮುಂದೆ ಬೋಯಿಂಗ್ 777 ಇರಬಹುದು. ಭಾರ ಹೆಚ್ಚಿ ವೇಗ ಕಡಿಮೆಯಾದಷ್ಟೂ ವಿಮಾನದ ರೆಕ್ಕೆತುದಿಯಿಂದ ಹಿಂದೆ ಉಳಿಯುವ ಗಾಳಿಯ ಸುಳಿಗಳು (ಹಿಂದೆ ಬರುವ ವಿಮಾನವನ್ನು ಹೊರಳಿಸಬಲ್ಲವು) ಬಲವಾಗುತ್ತವೆ, ನಿಮಿಷಕ್ಕೆ 300–500 ಅಡಿ ಕೆಳಗಿಳಿಯುತ್ತವೆ.

ಗರಿಷ್ಠ ಟೇಕಾಫ್ ತೂಕ 136 ಟನ್ ಮತ್ತು ಅದಕ್ಕೆ ಮೇಲ್ಪಟ್ಟದ್ದು ಹೆವಿ. ಅದರ ಹಿಂದೆ ಮೀಡಿಯಂ (ಮಧ್ಯಮ ತೂಕದ ವಿಮಾನ) ಬಂದರೆ ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಹೇಳುವ ಅಂತರ 5 ನಾಟಿಕಲ್ ಮೈಲಿ. ಸುಮಾರು 23 ಟನ್ನಿನ ಎಟಿಆರ್ ಕೂಡ ಮೀಡಿಯಮ್ಮೇ, ಅದರ ಮೂರು ಪಟ್ಟು ತೂಗುವ ಎ320 ಕೂಡ. ಹಾಗಾಗಿ ನಾನು ಮೈಲಿ ನೋಡಿ ಸುಮ್ಮನಾಗುವುದಿಲ್ಲ, ಸೆಕೆಂಡು ಲೆಕ್ಕ ಹಾಕುತ್ತೇನೆ. ನೆಲಕ್ಕೆ ಹೋಲಿಸಿದ ವೇಗ 160 ನಾಟ್ (ಗಂಟೆಗೆ 160 ನಾಟಿಕಲ್ ಮೈಲಿ) ಇದ್ದರೆ 5 ಮೈಲಿಗೆ 112 ಸೆಕೆಂಡು. 120 ಇದ್ದರೆ 150. ಸುಳಿ ಕರಗುವುದು ಕಾಲದಿಂದ. ವೇಗ ಬೇಗ ಇಳಿಸಬೇಕಿದ್ದರೆ ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಕರಿಗೆ) ಮೊದಲೇ ಹೇಳುತ್ತೇನೆ. ಫೈನಲ್‌ಗೆ (ರನ್‌ವೇಗೆ ನೇರವಾದ ಕೊನೆಯ ಹಾದಿಗೆ) ಬಂದ ಮೇಲೆ ಕೇಳಿದರೆ ಹಿಂದಿನವರಿಗೆ ತೊಂದರೆ.

ಗ್ಲೈಡ್‌ಸ್ಲೋಪ್‌ಗಿಂತ (ರನ್‌ವೇಗೆ ಇಳಿಯುವ ಓರೆ ಹಾದಿಯನ್ನು ತೋರಿಸುವ ರೇಡಿಯೋ ಸಂಕೇತ) ಕೆಳಗೆ ಜಾರಲೇಬಾರದು. ಬೇಕೆಂದೇ ಆ ಹಾದಿಗಿಂತ ಒಂದು ಡಾಟ್ (ಮಾಪಕದ ಒಂದು ಗುರುತು) ಮೇಲೆ ಹಾರುವ ಸಲಹೆ ನನಗೆ ಒಪ್ಪಿಗೆಯಿಲ್ಲ: ಕೊನೆಗೆ ಇಳಿಯುವ ದರ ಏರಿ ಅಪ್ರೋಚ್ (ಇಳಿಯಲು ಬರುವ ಹಂತ) ಅಸ್ಥಿರವಾಗುತ್ತದೆ. ಅಂತರ ಹೆಚ್ಚಿಸಿಕೊಳ್ಳುವುದೇ ಮೇಲು.

ಅತಿ ಎಚ್ಚರ ಬೇಕಾದದ್ದು ಕೊನೆಯ 200 ಅಡಿಯಲ್ಲಿ. ನೆಲದ ಹತ್ತಿರ ಸುಳಿಗಳು ಇಳಿಯುವುದು ನಿಂತು ಎರಡೂ ಪಕ್ಕಕ್ಕೆ ಸರಿಯುತ್ತವೆ. 3–5 ನಾಟ್ ಅಡ್ಡಗಾಳಿ ಇದ್ದರೆ ಗಾಳಿ ಬರುವ ಕಡೆಯ ಸುಳಿ ರನ್‌ವೇ ಮೇಲೆಯೇ ನಿಂತುಬಿಡುತ್ತದೆ. ಜೊತೆಗೆ ಸ್ವಲ್ಪ ಹಿಂಗಾಳಿಯೂ ಸೇರಿದರೆ ಅದು ನಾವು ನೆಲ ಮುಟ್ಟುವ ಜಾಗಕ್ಕೇ ಬಂದು ಕೂರುತ್ತದೆ.

ವಿಮಾನ ತಾನಾಗಿ ಹೊರಳಿದರೆ ಆಟೋಪೈಲಟ್ ತೆಗೆದು, ಐಲೆರಾನ್‌ನಿಂದ (ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿ) ರೆಕ್ಕೆ ಸಮ ಮಾಡಿ, ಪವರ್ ಕೊಟ್ಟು ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು). ರಡರ್ (ಬಾಲದ ಚುಕ್ಕಾಣಿ) ಪೆಡಲನ್ನು ಎಡಕ್ಕೂ ಬಲಕ್ಕೂ ತುಳಿಯಬಾರದು. 2001ರಲ್ಲಿ ನ್ಯೂಯಾರ್ಕಿನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್‌ನ 587 ವಿಮಾನ ಒಂದು ಬೋಯಿಂಗ್ 747ರ ಸುಳಿಗೆ ಸಿಕ್ಕಿತ್ತು. ಬಾಲದ ಫಿನ್ (ನೆಟ್ಟಗಿನ ರೆಕ್ಕೆ) ಕಿತ್ತುಹೋದದ್ದು ಸುಳಿಯಿಂದಲ್ಲ, ಮತ್ತೆ ಮತ್ತೆ ತುಳಿದ ರಡರ್‌ನಿಂದ.

ತೋರಣಗಲ್ಲಿನಲ್ಲಿ ಲೆಕ್ಕ ತಿರುಗುಮುರುಗು. ನಮ್ಮ ಹಿಂದೆ 5.7 ಟನ್ನಿನ ಕಿಂಗ್ ಏರ್ ಎಂಬ ಸಣ್ಣ ವಿಮಾನ ಇಳಿಯುವುದಿದ್ದರೆ ಅದಕ್ಕೆ ಅಪಾಯ ನಾವೇ. ಮೇ ತಿಂಗಳ ಮಧ್ಯಾಹ್ನ ಬಳ್ಳಾರಿ ಬಿಸಿಲಿಗೆ ಏಳುವ ಗಾಳಿ ಸುಳಿಯನ್ನು ಬೇಗ ಚೂರು ಮಾಡುತ್ತದೆ. ಚಳಿಗಾಲದ ಬೆಳಿಗ್ಗೆ ಕಾರ್ಖಾನೆ ಚಿಮಣಿಯ ಹೊಗೆ ಮೇಲೇಳದೆ ಪಟ್ಟಿಯಂತೆ ಅಡ್ಡಕ್ಕೆ ಹರಡಿದ್ದರೆ ಸುಳಿಯೂ ಬೇಗ ಕರಗುವುದಿಲ್ಲ. ಮೀಡಿಯಂ ಹಿಂದೆ ಇಳಿಯುವ ಲೈಟ್ (ಹಗುರ) ವಿಮಾನಕ್ಕಿರುವ 3 ನಿಮಿಷದ ಅಂತರದಲ್ಲಿ ಆಗ ಒಂದು ಸೆಕೆಂಡೂ ಬಿಡಬಾರದು.